ಪರದೆ ಕಪ್ಪಾದರೆ ಕಂಪ್ಯೂಟರ್ ಸತ್ತಿತು ಅಂತಲ್ಲ

ದಾವಣಗೆರೆಯ ಮಂಡಿಪೇಟೆಯಲ್ಲಿ ಮಧ್ಯಾಹ್ನ ಊಟ ಮುಗಿಸಿ ಗಲ್ಲಾದ ಮುಂದೆ ಕೂತವರ ಬಾಯಲ್ಲಿ ಒಂದು ಮಾತು ಆಗಾಗ ಬರುತ್ತದೆ: "ಡಿಸ್‌ಪ್ಲೇ ಹೋಗೈತಿ ನೋಡ್ರಿ." ಸ್ಲೀಪ್‌ಗೆ ಹೋಗಿದ್ದ ಕಂಪ್ಯೂಟರ್‌ನ ಮೌಸ್ ಅಲ್ಲಾಡಿಸಿದ್ದಾರೆ. ಫ್ಯಾನ್ ತಿರುಗುತ್ತಿದೆ, ಲೈಟ್ ಉರಿಯುತ್ತಿದೆ, ಪರದೆ ಮಾತ್ರ ಕಪ್ಪು. ಒಬ್ಬರು ಹೊಸ ಮಾನಿಟರ್ ತರಿಸಿ ಅನ್ನುತ್ತಾರೆ. ಇನ್ನೊಬ್ಬರು ಇವತ್ತು ಅಮಾವಾಸ್ಯೆ, ದೃಷ್ಟಿ ತಗುಲಿದೆ ಅನ್ನುತ್ತಾರೆ. ಅಂಗಡಿಗೆ ನಿಂಬೆಹಣ್ಣು ಕಟ್ಟುವುದು ಅವರವರ ನಂಬಿಕೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬೆಳಗಿನಿಂದ ಹೊಡೆದ ಲೆಕ್ಕ ಆ ಕಪ್ಪು ಪರದೆಯ ಹಿಂದೆ ಸುರಕ್ಷಿತವಾಗಿ ಇರುವಾಗಲೇ ಯಾರೋ ಆತುರದಲ್ಲಿ ಪವರ್ ಬಟನ್ ಒತ್ತಿ ಹಿಡಿದು ಅದನ್ನೆಲ್ಲ ಅಳಿಸಿಬಿಡುತ್ತಾರಲ್ಲ, ಅದು ಸಂಕಟದ ವಿಷಯ.

ಸ್ಲೀಪ್ ಅಂದರೆ ಆಫ್ ಅಲ್ಲ. ಪ್ರೊಸೆಸರ್, ಡಿಸ್ಕ್, ಗ್ರಾಫಿಕ್ಸ್ ಎಲ್ಲಕ್ಕೂ ಸಾಮಾನ್ಯವಾಗಿ ಕರೆಂಟ್ ನಿಲ್ಲುತ್ತದೆ. ತೆರೆದಿಟ್ಟ ಕೆಲಸವನ್ನು ತಾತ್ಕಾಲಿಕವಾಗಿ ನೆನಪಿಟ್ಟುಕೊಳ್ಳುವ ರ‍್ಯಾಮ್‌ಗೆ ಮಾತ್ರ ನಿಲ್ಲುವುದಿಲ್ಲ, ನಿಲ್ಲಿಸುವ ಹಾಗೂ ಇಲ್ಲ. ರ‍್ಯಾಮ್‌ನಲ್ಲಿ ಒಂದೊಂದು ಬಿಟ್ (ಸೊನ್ನೆ ಅಥವಾ ಒಂದು) ಇರುವುದು ವಿದ್ಯುತ್ ಹಿಡಿದಿಡುವ ಒಂದೊಂದು ಪುಟಾಣಿ ಕೆಪಾಸಿಟರ್‌ನಲ್ಲಿ. ಅದರೊಳಗಿನ ವಿದ್ಯುತ್ ತಾನಾಗಿಯೇ ಸೋರಿಹೋಗುತ್ತದೆ. ಹಾಗಾಗಿ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿನೊಳಗೆ ಈ ಕೆಪಾಸಿಟರ್‌ಗಳ ಎಲ್ಲ ಸಾಲುಗಳನ್ನೂ ಓದಿ ಮತ್ತೆ ತುಂಬಬೇಕು. ಅಂದರೆ ಸೆಕೆಂಡಿಗೆ ಸುಮಾರು 15 ಸಲ! ಒಂದು ಟ್ರಾನ್ಸಿಸ್ಟರ್ (ಪುಟ್ಟ ಸ್ವಿಚ್), ಒಂದು ಕೆಪಾಸಿಟರ್‌ನ ಈ ಸರಳ ವಿನ್ಯಾಸಕ್ಕೆ ಐಬಿಎಂನ ರಾಬರ್ಟ್ ಡೆನಾರ್ಡ್ ಅವರಿಗೆ 1968ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿಗೂ ನಮ್ಮ ಮೇಜಿನ ಮೇಲೆ ಅದೇ ನಡೆಯುತ್ತಿದೆ. ಇಡೀ ಯಂತ್ರ ಮಲಗಿದ್ದರೂ ರ‍್ಯಾಮ್ ತನ್ನನ್ನು ತಾನೇ ತುಂಬಿಕೊಳ್ಳುತ್ತಾ ನಿಮ್ಮ ಲೆಕ್ಕವನ್ನು ಹಿಡಿದುಕೊಂಡು ಕೂತಿರುತ್ತದೆ. ನನಗಂತೂ ಇದು ದೊಡ್ಡ ಸೋಜಿಗ.

ಹಾಗಾದರೆ ಎಡವಟ್ಟು ಎಲ್ಲಿ? ಏಳುವಾಗ. ಮೊದಲೆಲ್ಲ ಮಲಗಿಸುವುದು, ಎಬ್ಬಿಸುವುದು ಹೆಚ್ಚಾಗಿ ಮದರ್‌ಬೋರ್ಡ್‌ನ ಚಿಪ್‌ನಲ್ಲೇ ಇರುವ ಮೂಲ ತಂತ್ರಾಂಶವಾದ ಬಯೋಸ್‌ನ ಕೆಲಸವಾಗಿತ್ತು. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಅನ್ನುವ ನಿಯಮಾವಳಿ ತಂದವು. ಯಜಮಾನಿಕೆ ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಮ್‌ ಕೈಗೆ ಬಂತು. ಗ್ರಾಫಿಕ್ಸ್ ಚಿಪ್ ಮಲಗಿದಾಗ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಮರೆತಿರುತ್ತದೆ. ಡ್ರೈವರ್ ಅನ್ನುವ ತಂತ್ರಾಂಶ ಅವನ್ನೆಲ್ಲ ಮತ್ತೆ ಹೇಳಿಕೊಡಬೇಕು. ಆಮೇಲೆ ಮಾನಿಟರ್ ಜೊತೆ ಮಾತುಕತೆ. ಮಾನಿಟರ್‌ನೊಳಗೆ ಒಂದು ಸಣ್ಣ ಚಿಪ್ ಇದೆ. ಅದರಲ್ಲಿ 128 ಬೈಟ್‌ಗಳ ಒಂದು ಮೂಲ ಪರಿಚಯ ಪತ್ರ: ಯಾರು ಮಾಡಿದ್ದು, ಎಷ್ಟು ರೆಸಲ್ಯೂಷನ್ ತೋರಿಸಬಲ್ಲದು ಇತ್ಯಾದಿ. ಕಂಪ್ಯೂಟರ್ ಅದನ್ನು ಕೇಬಲ್ ಮೂಲಕವೇ ಓದಿ, ಅದಕ್ಕೆ ತಕ್ಕ ಸಿಗ್ನಲ್ ಕಳಿಸುತ್ತದೆ. ಡ್ರೈವರ್ ತಪ್ಪಿದರೆ, ಅಥವಾ ಈ ಮಾತುಕತೆ ನಡುವೆಯೇ ಮುರಿದರೆ, ಕಂಪನಿ ನಾಟಕದಲ್ಲಿ ಪಾತ್ರಧಾರಿಗಳೆಲ್ಲ ಬಣ್ಣ ಹಚ್ಚಿ ನಿಂತಿದ್ದರೂ ಪರದೆ ಎಳೆಯುವವನು ಬಾರದಂಥ ಸ್ಥಿತಿ.

ಆದ್ದರಿಂದ ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಕೀಬೋರ್ಡ್‌ನ ಪುಟ್ಟ ದೀಪ ಹೊತ್ತಿ ಆರಿದರೆ ಕಂಪ್ಯೂಟರ್ ಎಚ್ಚರವಾಗಿದೆ, ಕಾಣುತ್ತಿಲ್ಲ ಅಷ್ಟೇ. ಆಗ ವಿಂಡೋಸ್ 10 ಅಥವಾ 11 ಇದ್ದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮಾತ್ರ ಹೊಸದಾಗಿ ಶುರುವಾಗುತ್ತದೆ. ತೆರೆದಿಟ್ಟ ಫೈಲು ಹಾಗೇ ಇರುತ್ತದೆ. ಎಷ್ಟು ಜನಕ್ಕೆ ಇದು ಗೊತ್ತಿಲ್ಲ ಅಲ್ವಾ! ಆಗಲಿಲ್ಲವೇ, ಮಾನಿಟರ್‌ಗೆ ಚಿತ್ರ ಒಯ್ಯುವ ಎಚ್‌ಡಿಎಂಐ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ. ಅದರಲ್ಲಿ ಮಾನಿಟರ್ ಬಂತು ಎಂದು ತಿಳಿಸುವುದಕ್ಕೇ ಒಂದು ಪ್ರತ್ಯೇಕ ತಂತಿ ಇದೆ, ಮಾತುಕತೆ ಮೊದಲಿನಿಂದ ಶುರುವಾಗುತ್ತದೆ. ಮಾನಿಟರ್ ಬೇರೆ ಪೋರ್ಟ್‌ನಲ್ಲಿ (ಕೇಬಲ್ ಸಿಕ್ಕಿಸುವ ಕಿಂಡಿ) ಸಿಗ್ನಲ್ ಹುಡುಕುತ್ತಾ ಕೂತಿದೆಯೇ ಅಂತಲೂ ನೋಡಿ. ಲ್ಯಾಪ್‌ಟಾಪ್ ಆದರೆ ಪರದೆಯ ಮೇಲೆ ಓರೆಯಾಗಿ ಮೊಬೈಲ್ ಟಾರ್ಚ್ ಬಿಡಿ. ಚಿತ್ರ ಮಸುಕಾಗಿ ಕಂಡರೆ ಹಿಂದಿನ ಬೆಳಕು ಉರಿಯುತ್ತಿಲ್ಲ, ಅದು ರಿಪೇರಿಯವರ ಕೆಲಸ.

ಯಾವ ಕೀಗೂ ಉತ್ತರವಿಲ್ಲ ಅಂದರೆ ಮಾತ್ರ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಸೇವ್ ಮಾಡದ್ದು ಹೋಗುತ್ತದೆ, ಬೇರೆ ದಾರಿಯಿಲ್ಲ. ಪದೇ ಪದೇ ಹೀಗಾದರೆ ತಯಾರಕರ ತಾಣದಿಂದ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ. ಸುಮ್ನೆ ಫಾರ್ಮ್ಯಾಟ್ ಹೊಡೆಸಬೇಡಿ.

ಇನ್ನೊಂದು ಮಾತು, ಕರೆಂಟ್ ಹೋಗಿ ಬರುವ ನಮ್ಮಂಥ ಊರಿನವರಿಗೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಸ್ಲೀಪ್‌ನಲ್ಲಿದ್ದಾಗ ಕರೆಂಟ್ ಹೋದರೆ ರ‍್ಯಾಮ್ ಖಾಲಿ. ಹೈಬರ್ನೇಟ್ ಆಯ್ಕೆ ಮಾಡಿದರೆ ರ‍್ಯಾಮ್‌ನಲ್ಲಿ ಇದ್ದದ್ದೆಲ್ಲ ಡಿಸ್ಕ್‌ಗೆ ಬರೆದು ಮಲಗುತ್ತದೆ. ಏಳಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ, ಅಷ್ಟೇ.