‘ಗೆಳೆಯನ ಜೊತೆಗಿನ ವಾಟ್ಸಾಪ್ ಮಾತನ್ನೂ ಎದುರು ಪಾರ್ಟಿಗೆ ಕೊಡಬೇಕಾ?’

ಪ್ರಶ್ನೆ: ನಾನು ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಫೈಲ್‌ಗಳನ್ನು ಕಾಪಿ ಮಾಡಿಕೊಂಡು ಹೋದೆ ಎಂದು ಹಳೆಯ ಕಂಪನಿಯವರು ಫೆಡರಲ್ ಕೋರ್ಟಿನಲ್ಲಿ ನನ್ನ ಮೇಲೆ ಸಿವಿಲ್ ಕೇಸ್ ಹಾಕಿದ್ದಾರೆ. ಗೆಳೆಯನ ಜೊತೆ ಕನ್ನಡದಲ್ಲಿ ಆಡಿದ ವಾಟ್ಸಾಪ್ ಮಾತನ್ನೂ ಕೊಡಬೇಕಾಗುತ್ತೆ ಅಂತಾರೆ. ಆರೋಪ ಮಾಡಿದವರೇ ಅಲ್ವಾ ಸಾಬೀತು ಮಾಡಬೇಕಾದ್ದು?

ಉತ್ತರ: ಸಾಬೀತು ಮಾಡುವ ಹೊಣೆ ಅವರದ್ದೇ. ಆದರೆ ಅದಕ್ಕೆ ಬೇಕಾದ ದಾಖಲೆ ನಿಮ್ಮ ಹತ್ತಿರ ಇದ್ದರೆ, ನಿಮ್ಮಿಂದಲೇ ಕೇಳಿ ಪಡೆಯುವ ಹಕ್ಕು ಅವರಿಗಿದೆ. ಅವರ ಹತ್ತಿರ ಇರುವುದನ್ನು ಕೇಳುವ ಹಕ್ಕು ನಿಮಗೂ ಅಷ್ಟೇ ಇದೆ. ಇದಕ್ಕೆ ಡಿಸ್ಕವರಿ ಅನ್ನುತ್ತಾರೆ. 1938ರಿಂದ ಜಾರಿಯಲ್ಲಿರುವ ಫೆಡರಲ್ ಸಿವಿಲ್ ನಿಯಮಗಳಲ್ಲಿ ಇದೇ ದೊಡ್ಡ ಭಾಗ.

ಫೋನಿನ ಮಾತಿಗೆ ಬರುವ ಮುಂಚೆ ಕ್ಯಾಲೆಂಡರ್ ನೋಡಿ. ಸಮನ್ಸ್ ಜಾರಿಯಾದ ಮೇಲೆ ಉತ್ತರ ಸಲ್ಲಿಸಲು ಇರುವುದು 21 ದಿನ. ಸಮನ್ಸ್ ಜಾರಿ ಬೇಡ ಎಂದು ವೇವರ್‌ಗೆ ಸಹಿ ಹಾಕಿದ್ದರೆ, ಅವರು ಆ ಕಾಗದ ಕಳಿಸಿದ ದಿನದಿಂದ 60 ದಿನ. ಊರಿನ ಜಮೀನು ಕೇಸಿನಲ್ಲಿ ವಾಯಿದೆ ಮೇಲೆ ವಾಯಿದೆ ಬೀಳುವುದನ್ನು ನೋಡಿ ಬೆಳೆದ ನಮಗೆ ಇದು ಸುಲಭಕ್ಕೆ ತಲೆಗೆ ಹತ್ತುವುದಿಲ್ಲ. ಸುಮ್ನೆ ಕೂತರೆ ಡಿಫಾಲ್ಟ್ ಆಗುತ್ತದೆ. ನಿಮ್ಮ ಮಾತು ಕೇಳದೆಯೇ ತೀರ್ಪು ಬರಬಹುದು.

ಉತ್ತರ ಹೇಗಿರಬೇಕು? ಕಂಪ್ಲೇಂಟಿನಲ್ಲಿ, ಅಂದರೆ ಅವರು ಕೋರ್ಟಿಗೆ ಕೊಟ್ಟ ದಾವೆಯ ಅರ್ಜಿಯಲ್ಲಿ, ಪ್ರತಿ ಪ್ಯಾರಾಗೂ ನಂಬರ್ ಇರುತ್ತದೆ. ಉದಾಹರಣೆಗೆ 12ನೇ ಪ್ಯಾರಾ ಹೀಗಿದೆ ಎಂದುಕೊಳ್ಳಿ: ‘ಪ್ರತಿವಾದಿ ಮಾರ್ಚ್ 3ರಂದು ಕೆಲಸ ಬಿಟ್ಟರು. ಹಿಂದಿನ ರಾತ್ರಿ ಒಂದು ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರು.’ ನಿಮ್ಮ ಉತ್ತರದ 12ನೇ ಪ್ಯಾರಾದಲ್ಲಿ, ಮಾರ್ಚ್ 3ರಂದು ಬಿಟ್ಟಿದ್ದು ನಿಜ, ಪೆನ್‌ಡ್ರೈವ್ ಮಾತು ಸುಳ್ಳು ಎಂದು ಎರಡನ್ನೂ ಬಿಡಿಸಿ ಬರೆಯಬೇಕು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಬಹುದು. ಅಲ್ಲಗಳೆಯದೆ ಬಿಟ್ಟ ಆರೋಪವನ್ನು ಒಪ್ಪಿದಂತೆ ಲೆಕ್ಕ. ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ (ಸಿಪಿಸಿ) ಈ ತತ್ವ ಇದೆ.

ಉತ್ತರ ಕೊಡುವ ಮುಂಚೆಯೇ ಕೇಸ್ ವಜಾ ಮಾಡಿ ಎಂದು ಕೇಳುವ ದಾರಿಯೂ ಉಂಟು. ಕಂಪ್ಲೇಂಟ್ ಚಿಕ್ಕದಾಗಿ, ಸರಳವಾಗಿ ಇದ್ದರೆ ಸಾಕು ಎನ್ನುತ್ತದೆ ನಿಯಮ. ಆದರೆ 2007ರ ಟ್ವಾಂಬ್ಲಿ, 2009ರ ಇಕ್ಬಾಲ್ ಎಂಬ ಕೇಸುಗಳ ತೀರ್ಪುಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪಟ್ಟು ಬಿಗಿ ಮಾಡಿತು. ‘ಇವನು ನಮ್ಮ ವ್ಯಾಪಾರದ ಗುಟ್ಟು ಕದ್ದ’ ಎಂದಷ್ಟೇ ಬರೆದರೆ ನಡೆಯುವುದಿಲ್ಲ. ಆರೋಪ ನಂಬುವಂತಿದೆ ಅನ್ನಿಸುವಷ್ಟು ಸಂಗತಿ ಬೇಕು. ಪೆನ್‌ಡ್ರೈವ್, ದಿನಾಂಕ, ಫೋಲ್ಡರ್ ಎಲ್ಲ ಬರೆದಿದ್ದರೆ ಜಡ್ಜ್ ಆ ಹಂತದಲ್ಲಿ ಅದು ನಿಜ ಎಂದುಕೊಂಡೇ ನೋಡುತ್ತಾರೆ. ‘ಅದೆಲ್ಲ ಸುಳ್ಳು’ ಅನ್ನುವ ವಾದ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇನ್ನು ವಾಟ್ಸಾಪ್. ಕೇಳಿದ ದಾಖಲೆಗೆ 30 ದಿನದಲ್ಲಿ ಲಿಖಿತ ಉತ್ತರ ಕೊಡಬೇಕು. ಇಮೇಲ್, ಮೆಸೇಜ್, ಫೋಟೋ ಎಲ್ಲವೂ ಇದರಲ್ಲಿ ಸೇರುತ್ತವೆ. ಕನ್ನಡದಲ್ಲಿದೆ ಅನ್ನುವ ಕಾರಣಕ್ಕೆ ಬಚ್ಚಿಡುವಂತಿಲ್ಲ. ಹಾಗಂತ ಇಡೀ ಫೋನ್ ಒಪ್ಪಿಸಬೇಕಿಲ್ಲ. ಕೇಳಿದ್ದು ಕೇಸಿಗೆ ಸಂಬಂಧಪಟ್ಟಿರಬೇಕು, ಕೇಸಿನ ಅಳತೆಗೆ ತಕ್ಕಂತಿರಬೇಕು. 2015ರ ತಿದ್ದುಪಡಿ ಈ ಎರಡನೆಯ ಮಾತನ್ನು ಒತ್ತಿ ಹೇಳಿತು. ‘ಈ ಕಂಪನಿ ಬಿಡ್ತೀನಿ, ಆ ಕೋಡ್ ನನ್ ಹತ್ರ ಇದೆ’ ಎಂದು ಬರೆದಿದ್ದರೆ ಅದು ಹೋಗಲೇಬೇಕು. ಅಮ್ಮನ ಆಪರೇಷನ್ ಬಗ್ಗೆ ಬರೆದದ್ದು ಅವರಿಗೆ ಬೇಕಾಗಿಲ್ಲ. ಅಂಥದ್ದಕ್ಕೆ ನಿಮ್ಮ ವಕೀಲರು ತಕರಾರು ಹಾಕುತ್ತಾರೆ.

ವಕೀಲರ ಸಲಹೆ ಕೇಳಲು ಅವರ ಜೊತೆ ಗುಟ್ಟಾಗಿ ಆಡಿದ ಮಾತಿಗೆ ರಕ್ಷಣೆ ಇದೆ. ಗೆಳೆಯನಿಗೆ ಹೇಳಿದ್ದಕ್ಕೆ ಇಲ್ಲ. ‘ಲಾಯರ್ ಹೀಗಂದ್ರು ನೋಡು’ ಎಂದು ಅವರ ಇಮೇಲನ್ನು ಗೆಳೆಯನಿಗೆ ಫಾರ್ವರ್ಡ್ ಮಾಡಿದರೆ ಇದ್ದ ರಕ್ಷಣೆಯೂ ಹೋಗಬಹುದು. ದಯವಿಟ್ಟು ಮಾಡಬೇಡಿ.

ಡೆಪೊಸಿಷನ್, ಅಂದರೆ ಕೋರ್ಟಿನ ಹೊರಗೆ ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುವುದು, ಅದರ ಬಗ್ಗೆಯೂ ಹೇಳಬೇಕು. ಅಲ್ಲಿ ಜಡ್ಜ್ ಇರುವುದಿಲ್ಲ. ಸಾಮಾನ್ಯವಾಗಿ ಯಾವುದೋ ಆಫೀಸಿನ ಮೀಟಿಂಗ್ ರೂಮು. ಪ್ರಮಾಣ ಮಾಡಿಸುತ್ತಾರೆ, ಎದುರು ವಕೀಲರು ಪ್ರಶ್ನೆ ಕೇಳುತ್ತಾರೆ, ಪಕ್ಕದಲ್ಲಿ ಕೋರ್ಟ್ ರಿಪೋರ್ಟರ್ ಪ್ರತಿ ಪದ ಟೈಪ್ ಮಾಡುತ್ತಾರೆ. ಒಂದೇ ದಿನ, ಹೆಚ್ಚೆಂದರೆ 7 ಗಂಟೆ. ನಾವು ಕತ್ತು ಆ ಕಡೆ ಈ ಕಡೆ ವಾಲಿಸಿ ‘ಹೂಂ’ ಅನ್ನುವವರು. ಅದನ್ನು ಟೈಪ್ ಮಾಡುವುದು ಹೇಗೆ? ಹೌದು, ಇಲ್ಲ, ನೆನಪಿಲ್ಲ ಎಂದು ಬಾಯಿಬಿಟ್ಟೇ ಹೇಳಬೇಕು. ಇಂಗ್ಲಿಷ್ ತಡವರಿಸುವಂತಿದ್ದರೆ ದುಭಾಷಿ ಬೇಕೆಂದು ಮೊದಲೇ ಹೇಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಕೊನೆಗೆ, ನೀವು ಕೇಳದೇ ಇದ್ದರೂ ನಿಮ್ಮ ಮನಸ್ಸಿನಲ್ಲಿ ಇರಬಹುದಾದ ಪ್ರಶ್ನೆ: ಆ ಮೆಸೇಜ್ ಅಳಿಸಿಬಿಟ್ಟರೆ? ಬೇಡ. ಕೇಸ್ ಬರುತ್ತದೆ ಎಂದು ಗೊತ್ತಾದ ಗಳಿಗೆಯಿಂದಲೇ ಇದ್ದದ್ದನ್ನು ಇದ್ದ ಹಾಗೆ ಉಳಿಸುವ ಹೊಣೆ ನಿಮ್ಮ ಮೇಲಿದೆ. ಎದುರಿನವರಿಗೆ ಸಿಗಬಾರದು ಎಂದೇ ಅಳಿಸಿದ್ದು ಸಾಬೀತಾದರೆ, ಅದರಲ್ಲಿ ನಿಮಗೆ ವಿರುದ್ಧವಾದದ್ದೇ ಇತ್ತು ಎಂದು ಜಡ್ಜ್ ಭಾವಿಸಬಹುದು. ಜ್ಯೂರಿಗೂ ಹಾಗೇ ಸೂಚನೆ ಕೊಡಬಹುದು. ಕೇಸನ್ನೇ ನಿಮ್ಮ ವಿರುದ್ಧ ಮುಗಿಸುವ ಅಧಿಕಾರವೂ ಅವರಿಗಿದೆ. ಮೆಸೇಜಿನಲ್ಲಿ ಇದ್ದದ್ದು ನಾಲ್ಕು ಸಿಟ್ಟಿನ ಮಾತಷ್ಟೇ ಆಗಿದ್ದರೂ, ಆಮೇಲೆ ಅದನ್ನು ತೋರಿಸಲು ನಿಮ್ಮ ಹತ್ತಿರ ಏನೂ ಉಳಿದಿರುವುದಿಲ್ಲ. ಇವತ್ತೇ ವಾಟ್ಸಾಪಿನಲ್ಲಿ ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಆನ್ ಇದೆಯಾ ನೋಡಿ, ಇದ್ದರೆ ಆಫ್ ಮಾಡಿ. ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ. ಆಮೇಲೆ ಸಮನ್ಸ್ ಹಿಡಿದುಕೊಂಡು ಆ ರಾಜ್ಯದ ವಕೀಲರೊಬ್ಬರನ್ನು ಈ ವಾರದಲ್ಲೇ ಕಾಣಿ.