ರೌಡಿ ಶೀಟರ್ ಅಂದ್ರೆ ಎಂತ? ಯಾವ ಶೀಟು, ಬರ್ದದ್ದು ಯಾರು?

ಮೊನ್ನೆ ಮತ್ತೆ ಒಂದು ವಾಟ್ಸಾಪ್ ಫಾರ್ವರ್ಡ್ ಬಂತು, "ಕೋರ್ಟು ರೌಡಿ ಶೀಟರ್ ಅಂತ ಘೋಷಿಸಿದ ವ್ಯಕ್ತಿ" ಅಂತ ಅದ್ರಲ್ಲಿ. ಮಾರಾಯ್ರೆ, ಯಾವ ಕೋರ್ಟೂ ಯಾರನ್ನೂ ರೌಡಿ ಶೀಟರ್ ಅಂತ ಘೋಷಿಸುದಿಲ್ಲ. ಆ ಶೀಟು ಹುಟ್ಟುವಾಗ ಕೋರ್ಟಿಗೆ ಅದ್ರ ವಾಸನೆಯೂ ಇರುದಿಲ್ಲ. ಮಂಗಳೂರು, ಉಡುಪಿ ಕಡೆ ಈ ಪದ ಕಿವಿಗೆ ಬೀಳದ ವಾರ ಇಲ್ಲ, ಆದ್ರೂ ಹತ್ತರಲ್ಲಿ ಎಂಟು ಜನ ಅದನ್ನು "ಶಿಕ್ಷೆ ಆದವ" ಅನ್ನುವ ಅರ್ಥದಲ್ಲೇ ಬಳಸ್ತಾರೆ.

ರೌಡಿ ಅನ್ನುದು ಅಮೆರಿಕದ ಇಂಗ್ಲಿಷಿಂದ ಬಂದ ಪದ, 19ನೇ ಶತಮಾನದ ಶುರುವಿನದ್ದು, ಕಾಡಂಚಿನ ಒರಟು ಜನರಿಗೆ ಹೇಳ್ತಿದ್ದದ್ದು. ಅದು ಬಿಡಿ, ನಮ್ಮಲ್ಲಿ ತಂಟೆ ಮಾಡುವ ಎರಡನೇ ಕ್ಲಾಸಿನ ಮಕ್ಕಳಿಗೂ ಟೀಚರ್ ರೌಡಿ ಹೇಳಿಯೇ ಕರೆಯುದು. ತಲೆಬಿಸಿ ಎಲ್ಲ ಇರುದು ಅದ್ರ ಬಾಲದಲ್ಲಿರುವ "ಶೀಟು" ವಿಷಯದಲ್ಲಿ.

ಜನರಿಗೆ ಚಾರ್ಜ್‌ಶೀಟ್ ಗೊತ್ತುಂಟು. ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ದೋಷಾರೋಪ ಪಟ್ಟಿ ಅದು, ಆರೋಪಿಗೆ ಅದ್ರ ಕಾಪಿ ಸಿಗ್ತದೆ, ವಕೀಲ ಓದ್ತಾನೆ, ಸಾಕ್ಷಿಗಳನ್ನು ಪಾಟೀಸವಾಲು ಮಾಡ್ತಾನೆ, ಕಡೆಗೆ ಖುಲಾಸೆಯೋ ಶಿಕ್ಷೆಯೋ ಒಂದು ಆಗ್ತದೆ. ರೌಡಿ ಶೀಟ್ ಹಾಗಲ್ಲ. ಅದು ಯಾರ ಮೇಲೆ ಕಣ್ಣಿಡ್ಬೇಕು ಅಂತ ಪೊಲೀಸರೇ ಬರ್ದು ಇಟ್ಕೊಳ್ಳುವ, ಸ್ಟೇಷನ್ನಿನ ಒಳಗಿನ ಹಾಳೆ. ಕರ್ನಾಟಕ ಪೊಲೀಸ್ ಮ್ಯಾನ್ಯುಯಲ್‌ನ 1059ನೇ ಆದೇಶದಲ್ಲಿ ಇದ್ರ ಬಗ್ಗೆ ಉಂಟು, ಅಲ್ಲಿ ರೌಡಿ ಅಂದ್ರೆ ಗೂಂಡಾ, ಪುಂಡ, ಒರಟ, ಅಲೆಮಾರಿ ಮತ್ತೆ ಸಾರ್ವಜನಿಕ ಶಾಂತಿಗೆ ಅಪಾಯ ಆಗುವ ಯಾರೂ ಆಗ್ಬಹುದು. ಅಷ್ಟು ಅಗಲ ಬಲೆ. ಇನ್‌ಸ್ಪೆಕ್ಟರ್ ಪ್ರಸ್ತಾವ ಕಳಿಸ್ತಾರೆ, ಮೇಲಿನ ಅಧಿಕಾರಿ ಒಪ್ತಾರೆ, ಹಾಳೆ ಓಪನ್. ಹೆಸರು, ಅಡ್ಡಹೆಸರು, ಫೋಟೋ, ಮನೆ, ನೆಂಟರು, ಯಾರ ಒಟ್ಟಿಗೆ ತಿರುಗ್ತಾನೆ, ಯಾವ ಗಾಡಿ, ಎಲ್ಲ ಅದ್ರಲ್ಲಿ. ಶಿಕ್ಷೆ ಆಗಿರ್ಲೇಬೇಕು ಅಂತ ಇಲ್ಲ. ಎರಡು ಹೊಡೆದಾಟದ ಎಫ್‌ಐಆರ್ ಇದ್ದವನ ಹೆಸರೂ ಇರ್ಬಹುದು, ನಾಲ್ಕು ಕೊಲೆ ಕೇಸು ಇದ್ದವನದ್ದೂ ಇರ್ಬಹುದು. ಪೇಪರಲ್ಲಿ ಇಬ್ಬರೂ "ಕುಖ್ಯಾತ ರೌಡಿ ಶೀಟರ್".

ಇನ್ನೂ ಒಂದು ಕಲಸುಮೇಲೋಗರ ಉಂಟು. ಗೂಂಡಾ ಕಾಯ್ದೆ, ಗಡಿಪಾರು, ರೌಡಿ ಶೀಟ್ ಮೂರೂ ಒಂದೇ ಅಂತ ಮಾತಾಡುವವರು ಧಾರಾಳ. 1985ರ ಗೂಂಡಾ ಕಾಯ್ದೆಯಲ್ಲಿ ಒಳಗೆ ಹಾಕಿದ್ರೆ ಅದು ಸಲಹಾ ಮಂಡಳಿಯ ಮುಂದೆ ಹೋಗ್ಲೇಬೇಕು, ಒಂದು ವರ್ಷಕ್ಕಿಂತ ಹೆಚ್ಚು ಇಡ್ಲಿಕ್ಕಿಲ್ಲ. ಗಡಿಪಾರು 1963ರ ಪೊಲೀಸ್ ಕಾಯ್ದೆಯದ್ದು, ಅದಕ್ಕೆ ನೋಟಿಸ್ ಉಂಟು, ನಿನ್ನ ಮಾತೆಂತ ಅಂತ ಕೇಳುದುಂಟು. ರೌಡಿ ಶೀಟು ವಿಧಾನಸಭೆ ಮಾಡಿದ ಕಾಯ್ದೆಯಿಂದ ಹುಟ್ಟಿದ್ದಲ್ಲ, ಇಲಾಖೆಯ ಕೈಪಿಡಿಯಿಂದ ಹುಟ್ಟಿದ್ದು. ಕಳ್ಳತನದವರಿಗೆ ಎಂಓಬಿ (ಮೋಡಸ್ ಆಪರೆಂಡಿ ಬ್ಯೂರೋ, ಅಂದ್ರೆ ಯಾರು ಯಾವ ರೀತಿ ಕದೀತಾರೆ ಅನ್ನುವ ದಾಖಲೆ) ಅಂತ ಬೇರೆಯೇ ಪಟ್ಟಿ, ಕೋಮು ಗಲಾಟೆಯವರಿಗೆ ಕೋಮು ಗೂಂಡಾ ಅಂತ ಮತ್ತೊಂದು. ಈ ಕೊನೆಯದ್ದು ನಮ್ಮ ಜಿಲ್ಲೆಯಲ್ಲಿ ಎಷ್ಟು ಓಡ್ತದೆ ಅಂತ ನಾನು ಹೇಳ್ಬೇಕಾ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ವಿಷಯ. ಹೆಸರು ಸೇರಿಸುವ ಮೊದ್ಲು ಆ ಮನುಷ್ಯನನ್ನು ಒಂದು ಮಾತು ಕೇಳ್ಬೇಕಲ್ಲ? 1980ರಲ್ಲಿ ಮಲಕ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇಂತದ್ದೇ ನಿಗಾ ರಿಜಿಸ್ಟರ್ ಬಗ್ಗೆ ಹೇಳಿದ್ದು, ಅದು ಗೌಪ್ಯ ದಾಖಲೆ, ಮೊದ್ಲೇ ನೋಟಿಸ್ ಕೊಟ್ರೆ ನಿಗಾ ಇಡುವ ಉದ್ದೇಶವೇ ಹೋಯ್ತು, ಹಾಗಾಗಿ ವಿಚಾರಣೆ ಬೇಡ, ಆದ್ರೆ ನಿಗಾದ ನೆಪದಲ್ಲಿ ಮನುಷ್ಯನ ಸ್ವಾತಂತ್ರ್ಯ, ಘನತೆ ಹಿಂಡ್ಬಾರ್ದು ಅಂತ. ಸರಿ, ಒಪ್ಪುವ. ಹಾಗಾದ್ರೆ ರೌಡಿ ಪರೇಡ್ ಎಂತ ಮತ್ತೆ? ಹಬ್ಬಕ್ಕೆ ಮೊದ್ಲು, ಇಲೆಕ್ಷನಿಗೆ ಮೊದ್ಲು, ಹೊಸ ಅಧಿಕಾರಿ ಬಂದ ಕೂಡ್ಲೇ ಮೈದಾನದಲ್ಲಿ ಸಾಲು ನಿಲ್ಲಿಸುದು, ಸಾಹೇಬ್ರು ಒಬ್ಬೊಬ್ಬನ ಎದುರು ನಿಂತು "ಎಂತ ಈ ಕೂದ್ಲು, ನಾಳೆ ಕಟಿಂಗ್ ಮಾಡ್ಸಿ ಬಾ" ಹೇಳುದು, ತೋಳು ಮಡಚಿಸಿ ಟ್ಯಾಟೂ ನೋಡುದು, ಎದುರು ನಾಲ್ಕು ಮೈಕು, ಆರು ಮೊಬೈಲು, ಸಂಜೆಗೆ ಯೂಟ್ಯೂಬಲ್ಲಿ ಹಿನ್ನೆಲೆ ಮ್ಯೂಸಿಕ್ ಸಮೇತ ವಿಡಿಯೋ. ಗೌಪ್ಯ ಅಂತ ಹೇಳಿ ವಿಚಾರಣೆ ತಪ್ಪಿಸಿದ್ದು, ಆಮೇಲೆ ಅದೇ ಪಟ್ಟಿಯನ್ನು ಕ್ಯಾಮರಾ ಎದುರು ನಿಲ್ಲಿಸಿದ್ದು! 2024ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಒಂದು ಹಿಸ್ಟರಿ ಶೀಟ್ (ರೌಡಿ ಶೀಟಿನ ಹಾಗಿನದ್ದೇ ಪೊಲೀಸ್ ದಾಖಲೆ) ಕೇಸಲ್ಲಿ ಮತ್ತೆ ಹೇಳಿತು, ಇದು ಪೊಲೀಸರ ಆಂತರಿಕ ದಾಖಲೆ, ಸಾರ್ವಜನಿಕರ ಕೈಗೆ ಸಿಗ್ಬಾರ್ದು, ಅಪ್ರಾಪ್ತ ಮಕ್ಕಳ ಗುರುತು ಅದ್ರಲ್ಲಿ ಹೊರಗೆ ಬರ್ಬಾರ್ದು, ಹಿಂದುಳಿದ ಜನರ ಹೆಸರು ಯಾಂತ್ರಿಕವಾಗಿ ಸೇರಿಸ್ಬಾರ್ದು ಅಂತ. ಪರೇಡ್ ನಿಂತಿಲ್ಲ.

"ರೌಡಿಗಳಿಗೆ ಎಂತ ಪಾಪ ನೋಡುದು" ಅಂತ ಕೇಳುವವರಿಗೆ, ಪಾಪ ಬೇಡ, ಲೆಕ್ಕ ನೋಡಿ. ಶೀಟು ಓಪನ್ ಮಾಡ್ಲಿಕ್ಕೆ ಒಂದು ಸಹಿ ಸಾಕು, ಖರ್ಚು ಶುರು ಆಗುದು ಆಮೇಲೆ. ಬೀಟ್ ಕಾನ್‌ಸ್ಟೇಬಲ್ ಆ ಮನೆಗೆ ಹೋಗಿ ಬರ್ಬೇಕು, ಇದ್ದಾನಾ ಇಲ್ವಾ ಬರೀಬೇಕು, ಚುನಾವಣೆ ಬಂದ್ರೆ ಮುಚ್ಚಳಿಕೆ ಬರೆಸ್ಬೇಕು, ಪರೇಡಿಗೆ ಕರ್ಕೊಂಡು ಬರ್ಬೇಕು. ಹತ್ತು ವರ್ಷದಿಂದ ಯಾವ ಗಲಾಟೆಗೂ ಹೋಗದೆ ಮಲ್ಪೆ ಬಂದರಲ್ಲಿ ಮೀನು ಲೋಡ್ ಮಾಡುವವನ ಮನೆಗೂ ಇದೇ ಕತೆ, ಆ ಹೊತ್ತಿಗೆ ನಿಜವಾಗಿ ಕಣ್ಣಿಡಬೇಕಾದವ ಎಲ್ಲಿಗೆ ಹೋದ ಅಂತ ನೋಡ್ಲಿಕ್ಕೆ ಜನ ಇಲ್ಲ. ಕೇಸಲ್ಲಿ ಖುಲಾಸೆ ಆದ್ರೂ ಶೀಟು ತನ್ನಷ್ಟಕ್ಕೆ ಮುಚ್ಚುದಿಲ್ಲ. ತೆಗೆಸ್ಬೇಕಾದ್ರೆ ಅರ್ಜಿ ಹಿಡ್ಕೊಂಡು ಅಲೀಬೇಕು, ಆಗ್ಲಿಲ್ಲಾಂದ್ರೆ ರಾತ್ರಿ ಬಸ್ಸು ಹತ್ತಿ ಶಿರಾಡಿ ಘಾಟಿ ದಾಟಿ ಬೆಂಗಳೂರಿನ ಹೈಕೋರ್ಟಲ್ಲಿ ರಿಟ್ ಹಾಕ್ಬೇಕು, ಅಲ್ಲಿ ಆ ಶೀಟನ್ನು ಸಮರ್ಥಿಸ್ಲಿಕ್ಕೆ ನಿಲ್ಲುವ ಸರ್ಕಾರಿ ವಕೀಲರ ಸಂಬಳ ಯಾರು ಕೊಡುದು? ಇನ್ನು ಗಲ್ಫಿಗೆ ಹೊರಟ ಹುಡುಗನಾದ್ರೆ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಬೇಕು, ರಿಪೋರ್ಟ್ ಬರ್ಬೇಕಾದ್ದು ಅದೇ ಸ್ಟೇಷನ್ನಿಂದ. ಊರು ಬಿಟ್ಟು ದುಡಿದು ಸುಧಾರಿಸ್ತೇನೆ ಅನ್ನುವವನಿಗೆ ಅಲ್ಲೇ ಗೇಟು ಬಿತ್ತು, ವಾಪಸ್ ಅದೇ ಕಟ್ಟೆ, ಅದೇ ಗ್ಯಾಂಗು.

ಇದು ನಮ್ಮ ಒಬ್ಬರ ರೋಗ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕ್ಯಾಲ್‌ಗ್ಯಾಂಗ್ ಅಂತ ಗ್ಯಾಂಗಿನವರ ಡೇಟಾಬೇಸ್ ಉಂಟು. 2016ರಲ್ಲಿ ಆ ರಾಜ್ಯದ ಲೆಕ್ಕಪರಿಶೋಧಕರು ತೆಗೆದು ನೋಡಿದ್ರೆ, ಹೆಸರು ಸೇರಿಸುವಾಗ ಒಂದು ವರ್ಷವೂ ತುಂಬಿರದ 42 ಜನ ಅದ್ರಲ್ಲಿ! ಅವ್ರಲ್ಲಿ 28 ಶಿಶುಗಳು "ನಾನು ಗ್ಯಾಂಗಿನವ" ಅಂತ ಒಪ್ಪಿಕೊಂಡಿದ್ದಾರಂತೆ. ನಗ್ಬೇಡಿ, ನಮ್ಮ ರಿಜಿಸ್ಟರನ್ನು ಹೊರಗಿನ ಆಡಿಟರ್ ಕೈಗೆ ಕೊಟ್ರೆ ಎಂತೆಲ್ಲ ಬರ್ತದೋ. ಲಂಡನಿನಲ್ಲಿ 2011ರ ಗಲಭೆ ಆದ್ಮೇಲೆ ಗ್ಯಾಂಗ್ಸ್ ಮ್ಯಾಟ್ರಿಕ್ಸ್ ಅಂತ ಮಾಡಿದ್ರು, ಪ್ರತಿಯೊಬ್ಬನಿಗೆ ಅಂಕ ಕೊಟ್ಟು ಕೆಂಪು, ಹಳದಿ, ಹಸಿರು ಬಣ್ಣ. ಅದ್ರ ಪಟ್ಟಿ ಪೊಲೀಸರಿಂದ ನ್ಯೂಹ್ಯಾಮ್ ಕೌನ್ಸಿಲಿಗೆ ಹೋಯ್ತು, ಅಲ್ಲಿಂದ ಇನ್ನೂರು ಚಿಲ್ಲರೆ ಜನರ ಹೆಸರು, ವಿಳಾಸ ಹಾಗೇ ಇಮೇಲಲ್ಲಿ ಹೊರಟಿತು, ಕಡೆಗೆ ಎದುರಾಳಿ ಗ್ಯಾಂಗಿನವರ ಫೋನಿಗೂ ಮುಟ್ಟಿತು. 2019ರಲ್ಲಿ ಕೌನ್ಸಿಲಿಗೆ 1,45,000 ಪೌಂಡ್ ದಂಡ ಬಿತ್ತು. ಕೌನ್ಸಿಲಿನ ದಂಡ ಅಂದ್ರೆ ಊರಿನವರ ತೆರಿಗೆ. 2024ರಲ್ಲಿ ಆ ಮ್ಯಾಟ್ರಿಕ್ಸನ್ನೇ ಬಂದ್ ಮಾಡಿದ್ರು.

ಪಟ್ಟಿಯೇ ಬೇಡ ಅಂತ ನಾನು ಹೇಳ್ತಾ ಇಲ್ಲ. ಸುರತ್ಕಲ್‌ನಲ್ಲೋ ಬಂಟ್ವಾಳದಲ್ಲೋ ಒಂದು ಕೊಲೆ ಆಗಿ ಅದಕ್ಕೆ ಪ್ರತೀಕಾರ ಅಂತ ಇನ್ನೊಂದು ಆಗುವ ಊರಲ್ಲಿ ಯಾರ ಮೇಲೆ ಕಣ್ಣಿಡ್ಬೇಕು ಅಂತ ಪೊಲೀಸರಿಗೆ ಗೊತ್ತಿರ್ಬೇಕು. ಆದ್ರೆ ಅದು ಸಂಶಯದ ಪಟ್ಟಿ. ಆ ಮಾತು ಮರೆತಾಗ ಎಂತ ಆಗ್ತದೆ ಅಂತ ನೋಡ್ಬೇಕಾದ್ರೆ "ರೌಡಿ ಶೀಟರ್ ಬರ್ಬರ ಹತ್ಯೆ" ಅನ್ನುವ ಯಾವ ಸುದ್ದಿಯ ಕೆಳಗಾದ್ರೂ ಹೋಗಿ, ಸತ್ತವ ಯಾರು, ಕೊಂದವ ಯಾರು ಅಂತ ಕೇಳುವವರೇ ಇಲ್ಲ, "ಕರ್ಮ" ಅಂತ ಬರ್ದು ಕೈಮುಗಿಯುವ ಇಮೋಜಿ ಹಾಕಿ ಆಯ್ತು. ಅದೇ ಮನುಷ್ಯ ಇಲೆಕ್ಷನಿಗೆ ಯಾರದ್ದೋ ಪಕ್ಕ ಶಾಲು ಹಾಕಿ ನಿಂತ್ರೆ ಆಗ "ಯುವ ಮುಖಂಡ".

ಬರೆಯುವವರಿಗೆ ಇಷ್ಟೇ ಹೇಳುದು. "ರೌಡಿ ಪಟ್ಟಿಯಲ್ಲಿ ಹೆಸರಿದ್ದ" ಅಂತ ಬರೀರಿ, ಎಷ್ಟು ಕೇಸು, ಯಾವುದ್ರಲ್ಲಿ ಖುಲಾಸೆ, ಯಾವುದ್ರಲ್ಲಿ ಶಿಕ್ಷೆ ಅಂತ ಒಂದು ಸಾಲು ಸೇರ್ಸಿ. ಮತ್ತೆ ಮುಂದಿನ ಪರೇಡಿಗೆ ಮೈಕು ಹಿಡ್ಕೊಂಡು ಹೋಗುವವರು ಕೂದ್ಲು ಕಟಿಂಗಿನ ಡೈಲಾಗ್ ರೆಕಾರ್ಡ್ ಮಾಡಿ ಬರುದು ಬಿಟ್ಟು ಸಾಹೇಬ್ರ ಹತ್ರ ಕೇಳಿ, ಸಾಲಲ್ಲಿ ನಿಂತವರಲ್ಲಿ ಒಂದಾದ್ರೂ ಕೇಸಲ್ಲಿ ಶಿಕ್ಷೆ ಆದವರು ಎಷ್ಟು ಮಂದಿ, ಕಳೆದ ವರ್ಷ ಎಷ್ಟು ಶೀಟು ಮುಚ್ಚಿದ್ರಿ ಅಂತ.