ಮೂಗಿಗೆ ಗೆರೆನೇ ಇಲ್ಲ

ಆಯಿಲ್ ಪೇಂಟಿಂಗ್‌ನಲ್ಲಿ ಮುಖ ಬರೆಯೋದು ಕಲೀಬೇಕಾದ್ರೆ ಹಳೇ ಮಾಸ್ಟರ್ ಒಬ್ರ ಚಿತ್ರ ಕಾಪಿ ಮಾಡಿ ಅಂತಾರಲ್ಲ, ನಾನು ಆರಿಸ್ಕೊಂಡಿದ್ದು ಡಚ್ ಕಲಾವಿದ ವರ್ಮೀರ್ ಸುಮಾರು 1665ರಲ್ಲಿ ಬರೆದ ಮುತ್ತಿನ ಓಲೆಯ ಹುಡುಗಿ. ಅದು ಹೇಗ್ ಊರಿನ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿದೆ, ನನ್ನ ಹತ್ರ ಇರೋದು ಪ್ರಿಂಟ್. ಎತ್ತರ 44.5 ಸೆಂ.ಮೀ, ಅಗಲ 39, ಒಂದೇ ಮುಖ, ಹಿಂದೆ ಬರೀ ಕಪ್ಪು, ಏನ್ ಮಹಾ ಅನ್ಕೊಂಡೆ.

ಮೂಗಲ್ಲೇ ಸಿಕ್ಕಾಕ್ಕೊಂಡೆ. ಗೆರೆ ಎಲ್ಲಿ ಶುರು ಅಂತ ಹುಡುಕಿದ್ರೆ ಗೆರೆನೇ ಇಲ್ಲ! ಮೂಗಿನ ದಿಂಡು, ಆಚೆ ಕಡೆ ಕೆನ್ನೆ, ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಬಣ್ಣ, ಕಲಸಿ ಬಿಟ್ಟಿದ್ದಾನೆ. ಇಷ್ಟು ವರ್ಷ ನಾನು ನೋಡಿದ್ದ ಆ ಗೆರೇನ ಎಳೆದಿದ್ದು ನನ್ನ ಮೆದುಳು, ಮೂಗಿನ ತುದಿ, ಹೊಳ್ಳೆ ನೆರಳು ಇಷ್ಟು ಸಿಕ್ರೆ ಸಾಕು, ಉಳಿದಿದ್ದನ್ನ ಅದೇ ತುಂಬಿಕೊಳ್ಳುತ್ತೆ. ಅದಕ್ಕೇ ಚಿತ್ರಕಾರರು ಕಣ್ಣು ಕಿರಿದು ಮಾಡಿ ನೋಡೋದು, ಸಣ್ಣ ವಿವರ ಎಲ್ಲ ಮಸುಕಾಗಿ ಬೆಳಕು-ನೆರಳಿನ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತೆ, ಮೆದುಳಿನ ಕೈಗೆ ಕೆಲಸ ಸಿಗಲ್ಲ.

ಮುತ್ತಿಂದೂ ಅದೇ ಕಥೆ. ಕಿವಿಗೆ ಸಿಕ್ಕಿಸೋಕೆ ಕೊಕ್ಕೆ ಇಲ್ಲ, ದುಂಡಗಿನ ಅಂಚೂ ಇಲ್ಲ. ಮೇಲೊಂದು ದಪ್ಪ ಬಿಳಿ ಚುಕ್ಕೆ, ಕೆಳಗೆ ಕಾಲರ್‌ನ ಬಿಳಿ ಅದರ ಮೇಲೆ ಬಿದ್ದಂಗೆ ಒಂದು ತೆಳು ಸವರು, ಮುಗೀತು.

ಇನ್ನು ಆ ಕಪ್ಪು ಹಿನ್ನೆಲೆ ಕಪ್ಪೇ ಅಲ್ವಂತೆ. 2018ರಲ್ಲಿ ಮ್ಯೂಸಿಯಂನವರು ಸ್ಕ್ಯಾನರ್, ಮೈಕ್ರೋಸ್ಕೋಪ್ ಎಲ್ಲ ಇಟ್ಟು ಪರೀಕ್ಷೆ ಮಾಡಿದಾಗ ಅಲ್ಲಿ ಹಸಿರು ಪರದೆ ಇತ್ತು ಅಂತ ಗೊತ್ತಾಯ್ತು. ಗಾಢ ಬಣ್ಣದ ಮೇಲೆ ನೀಲಿ ಗಿಡದ ಇಂಡಿಗೋ ಮತ್ತೆ ವೆಲ್ಡ್ ಅನ್ನೋ ಗಿಡದ ಹಳದಿ ಸೇರಿಸಿ ಗಾಜಿನ ಥರ ತೆಳುವಾಗಿ ಬಳಿದಿದ್ದ, ಅದು ಕಾಲ ಕಳೆದಂಗೆ ಕೆಟ್ಟು ಪರದೆ ಮಾಯ. ಹುಡುಗಿಗೆ ಸಣ್ಣ ರೆಪ್ಪೆಗೂದಲೂ ಇದ್ವು, ಈಗ ಬರಿಗಣ್ಣಿಗೆ ಕಾಣಲ್ಲ. ಅಂದ್ರೆ ನಾನು ಅಷ್ಟು ಶ್ರದ್ಧೆಯಿಂದ ಕಾಪಿ ಮಾಡ್ತಿದ್ದಿದ್ದು ಅರ್ಧ ವರ್ಮೀರ್‌ನ, ಇನ್ನರ್ಧ ಮುನ್ನೂರೈವತ್ತು ವರ್ಷದ ಸವೆತಾನ.

ಆ ಕಪ್ಪನ್ನೇ ನಾನು ಮೊದಲ ದಿನವೇ ಅಗಸೆ ಎಣ್ಣೆ ಚೆನ್ನಾಗಿ ಸುರಿದು ದಪ್ಪಗೆ ಬಳಿದುಬಿಟ್ಟಿದ್ದೆ. ರೊಟ್ಟಿ ಜೊತೆ ಚಟ್ನಿಪುಡಿ ತಿಂತೀವಲ್ಲ, ಅದೇ ಅಗಸೆ. ಈ ಎಣ್ಣೆ ಒಣಗೋದು ಅಂದ್ರೆ ನೀರಿನ ಥರ ಆವಿಯಾಗಿ ಹೋಗೋದಲ್ಲ, ಗಾಳಿಯ ಆಕ್ಸಿಜನ್ ಎಳ್ಕೊಂಡು ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕ್ಕೊಂಡು ಗಟ್ಟಿ ಪೊರೆ ಆಗುತ್ತೆ, ಶುರುವಲ್ಲಿ ತೂಕ ಕೂಡ ಹೆಚ್ಚುತ್ತೆ! ಕೊಬ್ಬರಿ ಎಣ್ಣೆ ವರ್ಷಗಟ್ಟಲೆ ಇಟ್ರೂ ಹಿಂಗಾಗಲ್ಲ, ಕೊಂಡಿ ಹಾಕೋ ಜಾಗ ಅದರ ಅಣುಗಳಲ್ಲಿ ತೀರಾ ಕಮ್ಮಿ. ಅಂಬರ್ ಅನ್ನೋ ಕಂದು ಬಣ್ಣದಲ್ಲಿ ಮ್ಯಾಂಗನೀಸ್ ಇರೋದ್ರಿಂದ ಈ ಕೆಲಸ ಬೇಗ ಆಗುತ್ತೆ, ಹಾಗಾಗಿ ಅಡಿಪದರಕ್ಕೆ ಅದನ್ನ ತೆಳುವಾಗಿ ಹಾಕ್ತಾರೆ, ಎಣ್ಣೆ ಜಾಸ್ತಿ ಇರೋದು ಮೇಲಿನ ಪದರಕ್ಕೆ. ಉಲ್ಟಾ ಮಾಡಿದ್ರೆ ಮೇಲಿಂದು ಮೊದಲು ಗಟ್ಟಿಯಾಗುತ್ತೆ, ಕೆಳಗಿಂದು ಇನ್ನೂ ಅಲುಗಾಡ್ತಿರುತ್ತೆ, ಬಿರುಕು ಗ್ಯಾರಂಟಿ. ಟ್ಯೂಬಿನ ಕಪ್ಪಂತೂ ಒಣಗೋದ್ರಲ್ಲಿ ಮೊದಲೇ ಸೋಮಾರಿ.

ಮೂಗು ಮೂರು ಸಲ ಕೆರೆದು ತೆಗೆದ ಮೇಲೆ ಒಂದು ಹದಕ್ಕೆ ಬಂದಿದೆ. ಮುತ್ತು ಇನ್ನೂ ಇಟ್ಟಿಲ್ಲ, ಹಿಂದಿನ ಕಪ್ಪು ಇವತ್ತು ಬೆಳಿಗ್ಗೆನೂ ಬೆರಳಿಗೆ ಅಂಟ್ತು.